ಹೊಗಳಬಾರದ ಲ್ಯಾಪ್‌ಟಾಪ್

"ಅದ್ರ ಕಡೆ ನೋಡ್ಬ್ಯಾಡ. ನೋಡ್ಲೇಬೇಕು ಅಂದ್ರೆ ಹಲ್ಲುನೋವು ಬಂದೋರ ಹಂಗೆ ನೋಡು," ಎಂದರು ಮಂಜುನಾಥಪ್ಪ.

ತಾಳಗುಪ್ಪದಿಂದ ಸಾಗರಕ್ಕೆ ಹೊರಟಿದ್ದ ಬಸ್ಸಿನ ಹಿಂದಿನ ಸೀಟಿನಲ್ಲಿ ಕುಳಿತಿದ್ದ ಸುಮನಾ, ದೊಡ್ಡಪ್ಪ ಹೇಳಿದಂತೆ ಹಲ್ಲುನೋವು ಬಂದವರ ಮುಖ ಮಾಡಿ ತೋರಿಸಿದಳು.

"ಅಷ್ಟು ಬ್ಯಾಡ್ವೇ. ಅಂಗಡಿಯೋರು ಹಲ್ಲಿನ ಡಾಕ್ಟ್ರ ಅಡ್ರೆಸ್ ಕೊಟ್ಟು ಕಳಿಸ್ತಾರೆ."

ಸುಮನಾಗೆ ನಗು ಉಕ್ಕಿತು. ಬೆಳಗ್ಗೆ ಎದ್ದಾಗಿನಿಂದ ಅವಳಿಗೆ ಹೀಗೇ ಆಗುತ್ತಿತ್ತು. ಹಲ್ಲುಜ್ಜುವಾಗ ನಗು, ಜಡೆ ಹೆಣೆಯುವಾಗ ನಗು. ಇವತ್ತು ಲ್ಯಾಪ್‌ಟಾಪ್ ತರುವ ದಿನ. ಯಾವುದು ಎಂದು ಅವಳು ಆಗಲೇ ಆರಿಸಿಯೂ ಆಗಿತ್ತು. ಅಂಗಡಿಯ ಗಾಜಿಗೆ ಮೂಗು ತಾಗಿಸಿ ಊಟದ ಬಿಡುವಿನಲ್ಲೆಲ್ಲ ಅದನ್ನೇ ನೋಡಿದ್ದಳು, ಒಮ್ಮೆ ಒಳಗೆ ಹೋಗಿ ಕೀಲಿಗಳನ್ನೂ ಒತ್ತಿ ನೋಡಿದ್ದಳು. ಬೂದಿ ಬಣ್ಣದ, ತೆಳ್ಳಗಿನ, ಸದ್ದು ಮಾಡದ ಒಂದು ಲ್ಯಾಪ್‌ಟಾಪ್. ಅಂಗಡಿಯಲ್ಲಿ ಆ ಬಗೆಯದು ಇದ್ದದ್ದು ಅದೊಂದೇ. ಮತ್ತೆ ಯಾವಾಗ ಬರುತ್ತದೋ ಅಂಗಡಿಯವರಿಗೂ ಗೊತ್ತಿರಲಿಲ್ಲ.

ಆದರೆ ಒಬ್ಬಳೇ ಹೋಗಿ ತರುವುದಕ್ಕೆ ಮನೆಯಲ್ಲಿ ಅಜ್ಜಿ ಗುತ್ಯಮ್ಮ ಒಪ್ಪಬೇಕಲ್ಲ. "ಮನೆಗೆ ಬರೋ ವಸ್ತು. ನನ್ನ ಮಗ ಮಂಜ ನೋಡ್ದೆ ಬರಬಾರ್ದು," ಎಂದುಬಿಟ್ಟಿದ್ದಳು.

ಅಜ್ಜಿ ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಒಂದು ಕಾಲದಲ್ಲಿ ತಾಳಗುಪ್ಪದ ಸುತ್ತಮುತ್ತ ಯಾರೇ ಎತ್ತು ಕೊಳ್ಳಲು ಹೊರಟರೂ ಮಂಜುನಾಥಪ್ಪನವರನ್ನು ಕರೆದುಕೊಂಡು ಹೋಗುತ್ತಿದ್ದರು. ಅವರು ಸುಳಿ ನೋಡಿ, ಹಲ್ಲು ನೋಡಿ, ಬಾಲ ಎತ್ತಿ ನೋಡಿ, ತಮಗೆ ಬೇಕಾದ ಎತ್ತನ್ನು ಎಲ್ಲರೆದುರು ಬಯ್ಯಲು ಶುರು ಮಾಡುತ್ತಿದ್ದರು. ಬೇಡದ ಎತ್ತನ್ನು ಬಾಯ್ತುಂಬ ಹೊಗಳುತ್ತಿದ್ದರು. ಮಾರುವವನು ಬೆವೆತು ದಾರಿಗೆ ಬಂದ ಮೇಲೆ ಟವೆಲಿನ ಅಡಿಯಲ್ಲಿ ಕೈ ಸೇರಿಸಿ, ಬೆರಳು ಮಡಚಿ, ಬೇರೆ ಯಾರಿಗೂ ಕಾಣದಂತೆ ದರ ಮುಗಿಸುತ್ತಿದ್ದರು. ಟಿಲ್ಲರು ಬಂದು ಎತ್ತುಗಳು ಹೋದವು. ದೊಡ್ಡಪ್ಪನ ಕಣ್ಣು ಮಾತ್ರ ಉಳಿಯಿತು. ಈಗ ಅದು ಅಕ್ಕಪಕ್ಕದವರ ಮಿಕ್ಸಿ, ಕುಕ್ಕರು, ಕೊಡೆಗಳ ಮೇಲೆ ಬೀಳುತ್ತಿತ್ತು.

"ಯಾವ್ದು ಬೇಕೋ ಅದ್ರ ಮುಂದೆ ನಿಂತು ವೇಲ್ ಸರಿ ಮಾಡ್ಕೋ. ನಂಗೆ ಗೊತ್ತಾಗತೈತೆ. ಬಾಯಿ ಬಿಡ್ಬ್ಯಾಡ."

"ನಾನ್ಯಾವಾಗ ಬಾಯಿ ಬಿಟ್ಟಿದೀನಿ ದೊಡ್ಡಪ್ಪ?"

"ಅದೂ ಹೌದು. ವ್ಯಾಪಾರಕ್ಕೆ ಹೇಳಿ ಮಾಡ್ಸಿದ ಹುಡುಗಿ ನೀನು."

ಹತ್ತನೇ ಕ್ಲಾಸಿನ ನಂತರ ಸುಮನಾ ಶಾಲೆಯ ಕಡೆ ಹೋಗಿರಲಿಲ್ಲ. ಎದ್ದು ನಿಂತು ಉತ್ತರ ಹೇಳು ಎಂದರೆ ಅವಳ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು. ಸಾಗರದ ಬಸ್‌ಸ್ಟ್ಯಾಂಡಿನ ಎದುರಿನ ಡಿಟಿಪಿ ಅಂಗಡಿಯಲ್ಲಿ ಎದ್ದು ನಿಲ್ಲುವ ಕೆಲಸವಿರಲಿಲ್ಲ. ಕುಳಿತು ಮದುವೆ ಕರೆಯೋಲೆ, ತಹಸೀಲ್ದಾರರಿಗೆ ಅರ್ಜಿ, ಶ್ರದ್ಧಾಂಜಲಿ ಎಲ್ಲವನ್ನೂ ಟೈಪ್ ಮಾಡಿದರೆ ಆಯಿತು. ಲ್ಯಾಪ್‌ಟಾಪ್ ಬಂದರೆ ರಜೆಯ ದಿನವೂ ಈ ಕೆಲಸವನ್ನು ಮನೆಯಲ್ಲಿ ಮಾಡಬಹುದು ಎಂದು ಮನೆಯವರಿಗೆ ಹೇಳಿದ್ದಳು. ಅದು ಸುಳ್ಳಲ್ಲ. ಆದರೆ ಪೂರ್ತಿ ನಿಜವೂ ಅಲ್ಲ.

ಪೂರ್ತಿ ನಿಜ ಏನೆಂದರೆ, ಅವಳು ಮೊಬೈಲಿನಲ್ಲಿ ಬೇರೆ ಹೆಸರಿನಿಂದ ಧಾರಾವಾಹಿ ಬರೆಯುತ್ತಿದ್ದಳು. ಅದಕ್ಕೆ ಓದುಗರೂ ಇದ್ದರು. ಸಂಜೆ ಮನೆಯ ಹಿಂದಿನ ಗುಡ್ಡ ಹತ್ತಿ, ನೆಟ್‌ವರ್ಕ್ ಸಿಗುವ ಬಂಡೆಯ ಮೇಲೆ ಕುಳಿತು, ಮುಖ ಕಾಣದ ಗೆಳೆಯರ ಜೊತೆ ಕೋಟೆ ಕಾಯುವ ಆಟ ಆಡುತ್ತಿದ್ದಳು. ಅಲ್ಲಿ ಅವಳೇ ದಳಪತಿ. "ಎಡಗಡೆ! ಬಾಗ್ಲು ಬಿಡ್ಬೇಡಿ!" ಎಂದು ಅವಳು ಕೂಗಿದರೆ ಮೇಯುತ್ತಿದ್ದ ದನಗಳು ತಲೆ ಎತ್ತಿ ನೋಡುತ್ತಿದ್ದವು. ಆ ಧ್ವನಿಯನ್ನು ಊರಿನಲ್ಲಿ ದನಗಳ ಹೊರತು ಯಾರೂ ಕೇಳಿರಲಿಲ್ಲ.

ಇತ್ತೀಚೆಗೆ ಮೊಬೈಲ್ ಕೈಯಿಂದ ಜಾರಿ ಬಂಡೆಗೆ ಬಡಿದು, ಪರದೆಯ ಒಂದು ಮೂಲೆ ಸತ್ತುಹೋಗಿತ್ತು. 'ಳ' ಇದ್ದದ್ದು ಅದೇ ಮೂಲೆಯಲ್ಲಿ. ಅಂದಿನಿಂದ ಅವಳ ಕಥೆಯಲ್ಲಿ ಮಳೆ ಬರುವುದು ನಿಂತಿತು. ನಾಯಕಿ ಬಳೆ ತೊಡುವುದನ್ನು ಬಿಟ್ಟಳು. ಅಷ್ಟೇ ಆಗಿದ್ದರೆ ಹೇಗೋ ನಡೆಯುತ್ತಿತ್ತು. ಬಂದಳು, ಹೋದಳು, ನಕ್ಕಳು ಎಂದು ಬರೆಯುವ ಹಾಗೂ ಇರಲಿಲ್ಲ. ಬಂದರು, ಹೋದರು, ನಕ್ಕರು ಎಂದೇ ಬರೆದಳು. ಈ ಚಿಕ್ಕ ಹುಡುಗಿಗೆ ಇದ್ದಕ್ಕಿದ್ದಂತೆ ಇಷ್ಟು ಮರ್ಯಾದೆ ಏಕೆ, ಮದುವೆಯಾಯಿತೇ ಎಂದು ಓದುಗರು ಕೇಳತೊಡಗಿದ್ದರು.

ಬರೆಯುವುದಕ್ಕೆ ಮಾತ್ರ ಆದರೆ ಯಾವ ಲ್ಯಾಪ್‌ಟಾಪ್ ಆದರೂ ಆದೀತು. ಆಡುವುದಕ್ಕೆ ಮಾತ್ರ ಆದರೆ ದೊಡ್ಡದೊಂದು ಸಿಕ್ಕೀತು. ಎರಡೂ ಆಗಬೇಕೆಂದರೆ ಕಷ್ಟ. ಆಟಕ್ಕೆ ಒಳ್ಳೆಯ ಗ್ರಾಫಿಕ್ ಕಾರ್ಡ್ ಬೇಕು, ಬರವಣಿಗೆಗೆ ಬೆರಳಿಗೆ ಹಿತವಾಗಿ ಒಳಗಿಳಿದು ಮೇಲೇಳುವ ಕೀಲಿಗಳು ಬೇಕು, ಗುಡ್ಡಕ್ಕೆ ಹೊತ್ತೊಯ್ಯಲು ಹಗುರ ಇರಬೇಕು, ಕರೆಂಟು ಹೋದರೂ ಬ್ಯಾಟರಿ ನಿಲ್ಲಬೇಕು. ಇಷ್ಟೂ ಒಂದೇ ಕಡೆ ಇದ್ದದ್ದು ಆ ಬೂದಿ ಬಣ್ಣದ್ದರಲ್ಲಿ.

ಅಂಗಡಿಯಲ್ಲಿ ಯಶಸ್ವಿನಿ ಎಂಬ ಹುಡುಗಿ ಇದ್ದಳು. ಕೆಲಸಕ್ಕೆ ಸೇರಿ ಹೆಚ್ಚು ದಿನ ಆಗಿರಲಿಲ್ಲ. ಯಾರು ಏನೇ ಹೇಳಿದರೂ ನಿಜವೆಂದೇ ತಿಳಿದು ತಲೆ ಆಡಿಸುವ ಮುಖ.

"ಬನ್ನಿ ಅಂಕಲ್. ಏನ್ ಯೂಸ್‌ಗೆ ಬೇಕು?"

"ನೋಡಾನ," ಎಂದರು ಮಂಜುನಾಥಪ್ಪ. ಹೆಗಲ ಟವೆಲ್ ಕೊಡವಿ ಮತ್ತೆ ಹಾಕಿಕೊಂಡು, ಮೇಜಿನ ಮೇಲಿದ್ದ ಲ್ಯಾಪ್‌ಟಾಪುಗಳ ಸಾಲನ್ನು ಈ ತುದಿಯಿಂದ ಆ ತುದಿಯವರೆಗೆ ನಿಧಾನವಾಗಿ ದಾಟಿದರು. ಸುಮನಾ ಹಿಂದೆ ಹಿಂದೆ ನಡೆದಳು. ಬೂದಿ ಬಣ್ಣದ್ದರ ಮುಂದೆ ಬಂದಾಗ ಹಲ್ಲುನೋವಿನ ಮುಖ ಮಾಡಿ, ವೇಲ್ ಸರಿಪಡಿಸಿಕೊಂಡಳು.

ದೊಡ್ಡಪ್ಪ ನೋಡಿದರು. ತಕ್ಷಣ ಅದರ ಪಕ್ಕದಲ್ಲಿದ್ದ, ಕೀಲಿಗಳ ಸಂದಿನಲ್ಲಿ ಕೆಂಪು ದೀಪ ಉರಿಯುತ್ತಿದ್ದ, ದಪ್ಪನೆಯ ಕಪ್ಪು ಲ್ಯಾಪ್‌ಟಾಪಿನ ಬೆನ್ನು ಸವರಿದರು.

"ಆಹಾ! ಏನ್ ಮೈಕಟ್ಟು! ಉಂಡಿದ್ದು ಮೈಗೆ ಹಿಡಿದೈತೆ. ಕಣ್ಣು ನೋಡು, ಕೆಂಡ ಕೆಂಡ!"

"ಹೌದು ಅಂಕಲ್, ಅದು ಪೂರ್ತಿ ಗೇಮಿಂಗ್‌ದು. ಈ ಬೂದಿ ಬಣ್ಣದ್ದು ಗೇಮಿಗೂ ಆಗುತ್ತೆ, ಬರೆಯೋಕೂ…"

"ಥೂ, ಇದಾ?" ದೊಡ್ಡಪ್ಪ ಬೂದಿ ಬಣ್ಣದ್ದನ್ನು ಎರಡು ಬೆರಳಲ್ಲಿ ಎತ್ತಿದರು. "ಕರು ಹಾಕಿ ಬಡವಾದ ದನದ ಹಂಗೈತೆ. ಬಣ್ಣ ನೋಡು, ಒಲೆ ಬೂದಿ. ಕಿವಿ ಇಟ್ರೆ ಉಸಿರೇ ಕೇಳ್ಸಲ್ಲ. ಜೀವ ಐತೋ ಇಲ್ವೋ! ಇದ್ನ ಮನೆಗೆ ತಗಂಡು ಹೋದ್ರೆ ನಮ್ಮವ್ವ ನನ್ನನ್ನ ಒಳಗೆ ಬಿಡಲ್ಲ."

ಇಷ್ಟು ಹೇಳಿ ಅವರು ಕಾದರು. ಎತ್ತಿನ ವ್ಯಾಪಾರದಲ್ಲಾದರೆ ಮಾರುವವನು ಈಗ ಎದೆ ಬಡಿದುಕೊಂಡು ವಾದಕ್ಕೆ ಬರಬೇಕು.

ಯಶಸ್ವಿನಿ ತಲೆ ಆಡಿಸಿದಳು. "ಸರಿ ಅಂಕಲ್. ಇಷ್ಟ ಇಲ್ಲ ಅಂದ್ರೆ ಒಳಗಿಟ್ಟು ಬರ್ತೀನಿ." ಲ್ಯಾಪ್‌ಟಾಪ್ ಮುಚ್ಚಿ ಎತ್ತಿಕೊಂಡೇಬಿಟ್ಟಳು.

"ಅಯ್ಯೋ, ಹಿಂಗೆ ಒಪ್ಕಂಡ್ಬಿಟ್ರೆ ವ್ಯಾಪಾರ ಹೆಂಗಮ್ಮ ನಡೀಬೇಕು?" ಎಂದು ದೊಡ್ಡಪ್ಪ ಪೇಚಾಡುವಷ್ಟರಲ್ಲಿ ಬಾಗಿಲ ಕಡೆಯಿಂದ ಇನ್ನೊಂದು ಧ್ವನಿ ಬಂತು.

"ಒಳಗಿಡ್ಬೇಡ ಮಾರಾಯ್ತಿ. ಅದನ್ನ ಇತ್ಲಾಗೆ ತಾ."

ಬಿಳಿ ಅಂಗಿಯ, ಹಣೆಗೆ ಕುಂಕುಮ ಇಟ್ಟುಕೊಂಡಿದ್ದ ಹಿರಿಯರೊಬ್ಬರು ಒಳಗೆ ಬಂದರು. ಜೊತೆಗೆ ಕಾಲೇಜಿಗೆ ಹೋಗುವ ವಯಸ್ಸಿನ ಹುಡುಗಿ. ತೀರ್ಥಹಳ್ಳಿ ಕಡೆಯ ಮುಕುಂದಯ್ಯ ಮತ್ತು ಅವರ ಮೊಮ್ಮಗಳು ರಕ್ಷಾ. ವರದಹಳ್ಳಿಯ ಆಶ್ರಮಕ್ಕೆ ಹೋಗಿ ಬರುತ್ತ, ದಾರಿಯಲ್ಲಿ ಮೊಮ್ಮಗಳಿಗೊಂದು ಲ್ಯಾಪ್‌ಟಾಪ್ ಕೊಡಿಸೋಣ ಎಂದು ಇಳಿದಿದ್ದರು.

"ಇಷ್ಟು ಬಯ್ಗುಳ ತಿಂದಿದೆ ಅಂದ್ರೆ ಇದೇ ಒಳ್ಳೇದು," ಎನ್ನುತ್ತ ಮುಕುಂದಯ್ಯ ಬೂದಿ ಬಣ್ಣದ್ದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಆಮೇಲೆ ಮಂಜುನಾಥಪ್ಪನವರ ಮುಖ ನೋಡಿ ಕಣ್ಣರಳಿಸಿದರು. "ಹೋಯ್! ಈ ಬಯ್ಗುಳ ಎಲ್ಲೋ ಕೇಳಿದ ಹಂಗಿದ್ಯಲ್ಲ ಅಂದ್ಕಂಡೆ. ನೀವು ತಾಳಗುಪ್ಪದ ಮಂಜಪ್ಪ ಅಲ್ವಾ ಮಾರಾಯ್ರೇ?"

ಮಂಜುನಾಥಪ್ಪ ಒಂದು ಹೆಜ್ಜೆ ಹಿಂದೆ ಸರಿದರು. "ಬಿಳಿ ಹೋರಿ ಮುಕುಂದಯ್ಯ!"

"ಅದೇ, ಅದೇ. ನಾನು ಮಾರಿದ ಹೋರಿ ಹ್ಯಾಗಿತ್ತು?"

"ಹ್ಯಾಗಿತ್ತು ಅಂತ ಬೇರೆ ಕೇಳ್ತೀರಾ? ನೀರು ಕಂಡಲ್ಲಿ ಮಲಗ್ತಿತ್ತು!"

"ಬಿಸಿಲಲ್ಲಿ ಮಲಗ್ತಿರ್ಲಿಲ್ವಲ್ಲ?"

"ಭತ್ತದ ಗದ್ದೆ ಅಂದ್ರೆ ನೀರೇ ಅಲ್ವೇನ್ರೀ! ಹೂಡೋಕೆ ಇಳಿಸಿದ್ರೆ ಮಲಗೋದು. ಹೊಳೆ ದಾಟ್ಸೋಕೆ ಹೋದ್ರೆ ಮಲಗೋದು. ಊರವ್ರೆಲ್ಲ ಸೇರಿ ಅದ್ನ ಎಬ್ಬಿಸೋದೇ ಒಂದು ಕೆಲ್ಸ ಆಗಿತ್ತು."

"ನೀವು ಅವತ್ತು ಅದ್ರ ಬಾಲಕ್ಕೆ ಬಯ್ದ್ರಿ, ಕೋಡಿಗೆ ಬಯ್ದ್ರಿ, ಅದ್ರ ತಾಯಿಗೂ ಬಯ್ದ್ರಿ. ಅಷ್ಟು ಆಸೆಪಟ್ಟೋರಿಗೆ ಕೊಡದೆ ಇರಕ್ಕಾಗುತ್ತಾ?"

ಯಶಸ್ವಿನಿ ಇಬ್ಬರ ಮುಖವನ್ನೂ ನೋಡಿ ಮೆಲ್ಲಗೆ ಕೇಳಿದಳು. "ಹೋರಿ ಅಂದ್ರೆ ಯಾವ ಕಂಪನಿದು ಸರ್?"

ಸುಮನಾಗೆ ನಗು ಗಂಟಲವರೆಗೆ ಬಂದು ಅಲ್ಲಿಯೇ ನಿಂತಿತು. ಬೂದಿ ಬಣ್ಣದ್ದು ಮುಕುಂದಯ್ಯನವರ ಎದೆಗೆ ಒರಗಿ ಕುಳಿತಿತ್ತು. ದೊಡ್ಡಪ್ಪ ಈಗ ಅದು ನಮಗೆ ಬೇಕು ಎನ್ನುವಂತಿರಲಿಲ್ಲ. ಅಷ್ಟು ಬಯ್ದಾದ ಮೇಲೆ, ಅದೂ ಈ ಮನುಷ್ಯನ ಎದುರು, ಅವರ ಬಾಯಿಂದ ಆ ಮಾತು ಹೊರಡುವುದು ಸಾಧ್ಯವೇ ಇರಲಿಲ್ಲ.

ಸುಮನಾ ತನಗೆ ಗೊತ್ತಿದ್ದ ಒಂದೇ ಕೆಲಸ ಮಾಡಿದಳು. ಸುಮ್ಮನೆ ನಿಂತು ಎಲ್ಲರನ್ನೂ ನೋಡಿದಳು.

ರಕ್ಷಾ ಕಪ್ಪು ಲ್ಯಾಪ್‌ಟಾಪಿನ ಮುಂದೆ ನಿಂತು ಗೊಣಗುತ್ತಿದ್ದಳು. "ಇದು ಬೇಡಪ್ಪ. ಫ್ಯಾನ್ ಹೊಯ್ಕೊಳುತ್ತೆ. ಬ್ಯಾಟರಿ ಬೇಗ ಹೋಗುತ್ತೆ. ಚಾರ್ಜರ್ ನೋಡಿ, ಇಟ್ಟಿಗೆ. ಹೊತ್ಕೊಂಡು ಹೋದ್ರೆ ಭುಜ ಕಳಚುತ್ತೆ." ಮುಖದಲ್ಲಿ ಹಲ್ಲುನೋವು. ಆದರೆ ಅವಳ ಎಡಗೈಯ ಮೂರು ಬೆರಳು ಮೇಜಿನ ಅಂಚಿನ ಮೇಲೆ ತಾವಾಗಿಯೇ ಒಂದು ಕಡೆ ಕೂಡಿ, ಓಡಲು ಕಾದ ಕಾಲುಗಳಂತೆ ಮಿಡುಕುತ್ತಿದ್ದವು. ಆಟದಲ್ಲಿ ಮುಂದೆ, ಎಡಕ್ಕೆ, ಬಲಕ್ಕೆ ಓಡಿಸುವ ಬೆರಳುಗಳು. ಸುಮನಾ ಡಿಟಿಪಿ ಅಂಗಡಿಯಲ್ಲಿ ಗಿರಾಕಿಗಾಗಿ ಕಾಯುವಾಗ ಅವಳ ಬೆರಳುಗಳೂ ಹೀಗೆಯೇ ಕುಣಿಯುತ್ತಿದ್ದವು.

ಓಹೋ, ಎಂದುಕೊಂಡಳು ಸುಮನಾ. ಈ ಹುಡುಗಿಗೂ ಬಸ್ಸಿನಲ್ಲಿ ಯಾರೋ ಪಾಠ ಮಾಡಿದ್ದಾರೆ.

ಹೋಗಿ ಮಾತಾಡಿಸುವ ಧೈರ್ಯ ಬರಲಿಲ್ಲ. ಪಕ್ಕದಲ್ಲಿ ಮಾದರಿಗೆಂದು ಇಟ್ಟಿದ್ದ ಸಣ್ಣ ಲ್ಯಾಪ್‌ಟಾಪ್ ಒಂದು ತೆರೆದೇ ಇತ್ತು. ಅದರಲ್ಲಿ ಕನ್ನಡ ಬರುವಂತೆ ಮಾಡಿಕೊಂಡು, ಅಕ್ಷರ ದೊಡ್ಡದು ಮಾಡಿ, ಟೈಪ್ ಮಾಡಿದಳು: 'ನಿಮಗೆ ಬೇಕಾಗಿರುವುದು ಆ ಕಪ್ಪು ಹೋರಿ ತಾನೆ?' ಪರದೆಯನ್ನು ರಕ್ಷಾ ಕಡೆ ತಿರುಗಿಸಿದಳು.

ರಕ್ಷಾ ಓದಿದಳು. ಕಿವಿ ಕೆಂಪಾಯಿತು. ಬಂದು ಪಕ್ಕದಲ್ಲಿ ನಿಂತು ಒಂದೊಂದೇ ಅಕ್ಷರ ಹುಡುಕಿ ಒತ್ತಿದಳು: 'ಹೌದು. ಅಜ್ಜಯ್ಯಂಗೆ ಹೇಳಬೇಡಿ. ನಿಮಗೆ ಬೂದಿನಾ?'

'ಹೌದು. ನಿಮ್ಮ ಅಜ್ಜಯ್ಯ ಅದನ್ನು ಅಪ್ಪಿಕೊಂಡಿದ್ದಾರೆ.'

'ಬಿಡಿಸ್ತೀನಿ. ನಾನು ಬೂದೀನ ಹೊಗಳಿದ್ರೆ, ನಂಗೆ ಅದು ಬೇಡ ಅಂತ ಅವರಿಗೆ ಗೊತ್ತಾಗುತ್ತೆ.'

ಇಬ್ಬರೂ ಪರದೆಯ ಹಿಂದೆ ತಲೆ ತಗ್ಗಿಸಿ, ಮೂಗಿನಲ್ಲೇ ನಕ್ಕರು. ರಕ್ಷಾ ಗಂಟಲು ಸರಿಮಾಡಿಕೊಂಡು ಅಜ್ಜನ ಬಳಿ ಹೋದಳು.

"ಅಜ್ಜಯ್ಯ, ಎಂಥ ಚಂದ ಇದೆ ಇದು! ಎಷ್ಟು ಹಗುರ! ಇದನ್ನ ಬಿಟ್ಟು ಬೇರೆ ಬೇಡ್ವೇ ಬೇಡ."

ಮುಕುಂದಯ್ಯ ಮೊಮ್ಮಗಳನ್ನು ನೋಡಿದರು, ಲ್ಯಾಪ್‌ಟಾಪ್ ನೋಡಿದರು. ತಮ್ಮ ಪಾಠ ವ್ಯರ್ಥವಾಗಲಿಲ್ಲವೆಂದು ಮೀಸೆಯಲ್ಲೇ ನಕ್ಕು, ಬೂದಿಯನ್ನು ಕೆಳಗಿಟ್ಟು, ಕಪ್ಪನ್ನು ಬಯ್ಯುತ್ತ ಎತ್ತಿಕೊಂಡರು. "ಇದೊಂದು ಕಲ್ಲುಗುಂಡು. ಇದನ್ನ ಯಾರ್ ತಗೋತಾರೆ…"

ಸುಮನಾಗೆ ಕುಣಿಯಬೇಕೆನಿಸಿತು. ಆದರೆ ದೊಡ್ಡಪ್ಪ ಇದನ್ನೆಲ್ಲ ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು. ಮುಕುಂದಯ್ಯ ಬೂದಿಯನ್ನು ಬಿಟ್ಟರು ಎಂದರೆ ಅದರಲ್ಲೇನೋ ಐಬು ಕಂಡಿದ್ದಾರೆ. ಕಪ್ಪನ್ನು ಬಯ್ದರು ಎಂದರೆ ಒಳ್ಳೆಯದು ಅದೇ. ಒಮ್ಮೆ ಬಿಳಿ ಹೋರಿ ತಂದವರು ಎರಡನೇ ಸಲ ಮೋಸ ಹೋಗುತ್ತಾರೆಯೇ?

"ಬಿಡಿ ಬಿಡಿ, ಆ ಕಪ್ಪು ನಮ್ದು!" ಎಂದು ಅದರ ಇನ್ನೊಂದು ತುದಿ ಹಿಡಿದರು. "ನಾನು ಮೊದ್ಲೇ ಹೊಗಳಿ ಆಗೈತೆ!"

"ಹೊಗಳಿದ್ರೆ ನಿಮಗೆ ಬೇಡ ಅಂತ ಲೆಕ್ಕ ಅಲ್ವೇನ್ರೀ?"

"ಅದು ಎತ್ತಿಗೆ! ಇದು ಲ್ಯಾಪ್‌ಟಾಪು!"

ಸುಮನಾ ಬೂದಿಯ ಮುಂದೆ ಹೋಗಿ ನಿಂತು ವೇಲ್ ಸರಿಪಡಿಸಿಕೊಂಡಳು. ದೊಡ್ಡಪ್ಪ ನೋಡಲಿಲ್ಲ. ಮತ್ತೆ ಸರಿಪಡಿಸಿಕೊಂಡಳು. ಬಲಕ್ಕೆ ಎಳೆದಳು, ಎಡಕ್ಕೆ ಎಳೆದಳು, ಬಿಚ್ಚಿ ಕೊಡವಿ ಹಾಕಿಕೊಂಡಳು. ಕೊನೆಗೂ ದೊಡ್ಡಪ್ಪ ತಿರುಗಿದರು.

"ಆ ಫ್ಯಾನ್ ಜೋರು ಮಾಡಮ್ಮ. ನಮ್ಮ ಹುಡುಗಿಗೆ ಸೆಕೆ ಆಗ್ತೈತೆ."

ಅಷ್ಟರಲ್ಲಿ ಅಂಗಡಿಯ ಫೋನ್ ಹೊಡೆದುಕೊಂಡಿತು. ಯಶಸ್ವಿನಿ ಎತ್ತಿ ಕೇಳಿಸಿಕೊಂಡು, ಫೋನಿನ ಬಾಯಿ ಮುಚ್ಚಿ ಎಲ್ಲರ ಕಡೆ ನೋಡಿದಳು. "ಹೊಸನಗರದಿಂದ ಒಬ್ರು. ಬೂದಿ ಕಲರ್‌ದು ಇದ್ರೆ ಎತ್ತಿಡಿ, ಈಗ್ಲೇ ಹೊರಟು ಬರ್ತೀವಿ ಅಂತಿದಾರೆ. ಇಲ್ಲಿ ಯಾರಿಗೂ ಬೇಡ ಅಲ್ವಾ? ಇದೆ ಅಂತ ಹೇಳ್ಬಿಡ್ಲಾ?"

ಮಂಜುನಾಥಪ್ಪ ಕಪ್ಪಿನ ತುದಿ ಬಿಡಲಿಲ್ಲ. ಮುಕುಂದಯ್ಯನವರೂ ಬಿಡಲಿಲ್ಲ. ಯಶಸ್ವಿನಿ ಫೋನನ್ನು ಬಾಯಿಯ ಹತ್ತಿರ ತಂದಳು.

"ನಿಲ್ಲಿ! ಬಾಗ್ಲು ಬಿಡ್ಬೇಡಿ!"

ಅಂಗಡಿಯೇ ಬೆಚ್ಚಿತು. ಯಶಸ್ವಿನಿ ಹೆದರಿ, ಫೋನನ್ನು ಮೇಜಿನ ಮೇಲಿಟ್ಟು, ಓಡಿ ಹೋಗಿ ಬಾಗಿಲು ಹಿಡಿದುಕೊಂಡಳು. ದೊಡ್ಡಪ್ಪ ಈ ಧ್ವನಿ ಎಲ್ಲಿಂದ ಬಂತೆಂದು ಮಾಡಿನ ಕಡೆ ನೋಡಿದರು. ಅದು ಗುಡ್ಡದ ಮೇಲಿನ ಧ್ವನಿ. ಸುಮನಾಗೂ ಅದನ್ನು ನಾಲ್ಕು ಗೋಡೆಯ ನಡುವೆ ಕೇಳಿ ಗೊತ್ತಿರಲಿಲ್ಲ. ಒಮ್ಮೆ ಹೊರಗೆ ಬಂದದ್ದು ಮತ್ತೆ ಒಳಗೆ ಹೋಗಲಿಲ್ಲ.

"ಅದು ನಂಗೆ ಬೇಕು. ಬೂದಿ ಬಣ್ಣದ್ದು. ಮೊದ್ಲಿಂದ್ಲೂ ಅದೇ ಬೇಕು. ಕೀಲಿ ಒತ್ತಿದ್ರೆ ಬೆಣ್ಣೇಲಿ ಬೆರಳು ಇಟ್ಟ ಹಂಗಾಗುತ್ತೆ. ಅದ್ರಲ್ಲಿ ಆಟನೂ ಓಡುತ್ತೆ. ನಾನು ಆಟ ಆಡ್ತೀನಿ ದೊಡ್ಡಪ್ಪ, ಗುಡ್ಡದ ಮೇಲೆ. ಕಥೆನೂ ಬರೀತೀನಿ. ಜನ ಓದ್ತಾರೆ. ನನ್ನ ಮೊಬೈಲಲ್ಲಿ 'ಳ' ಬೀಳಲ್ಲ. ಕಥೇಲಿ ಮಳೆ ಬಂದು ಎಷ್ಟು ಕಾಲ ಆಯ್ತು ಗೊತ್ತಾ? ಅದು ತುಂಬ ಒಳ್ಳೇದು. ಅದ್ರಲ್ಲಿ ಒಂದೂ ಐಬಿಲ್ಲ!"

ಕೊನೆಯ ಮಾತಿಗೆ ಇಬ್ಬರು ಹಿರಿಯರೂ ಒಟ್ಟಿಗೆ ಉಸಿರೆಳೆದುಕೊಂಡರು. ತಮಗೆ ಬೇಕಾದದ್ದನ್ನು ಮಾರುವವರ ಎದುರೇ ಹೀಗೆ ಹೊಗಳಿದವರನ್ನು ಅವರು ಇಡೀ ಜನ್ಮದಲ್ಲಿ ಕಂಡಿರಲಿಲ್ಲ.

"ಇದ್ರ ಹಿಂದೆ ಎಂತದೋ ಇದೆ," ಎಂದರು ಮುಕುಂದಯ್ಯ, ಕಪ್ಪನ್ನು ಬಿಟ್ಟು. "ಹೊಗಳಿದ್ಳು, ಅಂದ್ರೆ ಬೇಡ. ಬೇಡ ಅಂತ ನಾವು ತಿಳ್ಕಳ್ಲಿ ಅಂತಾನೇ ಹೊಗಳಿದ್ಳು, ಅಂದ್ರೆ ಬೇಕು. ಹಂಗಂತ ನಾವು ಯೋಚ್ನೆ ಮಾಡ್ತೀವಿ ಅಂತ ಗೊತ್ತಿದ್ದೂ ಹೊಗಳಿದ್ರೆ… ಮಾರಾಯ್ರೇ, ಇವಳಿಗೆ ವ್ಯಾಪಾರ ಕಲಿಸ್ದೋರು ಯಾರು?"

"ನಾನೇ," ಎಂದರು ಮಂಜುನಾಥಪ್ಪ ಎದೆ ಸೆಟೆಸಿ. ಆಮೇಲೆ ಸುಮನಾ ಕಿವಿಯ ಬಳಿ ಬಗ್ಗಿ ಕೇಳಿದರು. "ಎಂತ ಲೆಕ್ಕ ಹಾಕಿ ಹಂಗಂದೆ, ಮಗಾ?"

"ನಿಜ ಹೇಳ್ದೆ ದೊಡ್ಡಪ್ಪ."

"ನಿಜಾನಾ? ವ್ಯಾಪಾರ್ದಲ್ಲಾ?"

ರಕ್ಷಾ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಮುಕುಂದಯ್ಯ ಇನ್ನೂ ನಂಬಲಿಲ್ಲ. "ಹಂಗಲ್ಲ. ನೊಗಕ್ಕೆ ಕಟ್ಟಿ ನೋಡ್ಬೇಕು. ಆಟ ಅಂದ್ಳಲ್ಲ, ಆಡ್ಲಿ. ಬರೀತೀನಿ ಅಂದ್ಳಲ್ಲ, ಬರೀಲಿ. ಬಂಡಿ ಎಳೆದ್ರೆ ಹೋರಿ ಅವಳದ್ದು. ಹೊಸನಗರದೋರಿಗೆ ಆಮೇಲೆ ತಿಳಿಸ್ತೀನಿ ಅಂತ ಹೇಳಮ್ಮ."

ಗಿರಾಕಿಗಳಿಗೆ ತೋರಿಸಲೆಂದು ಎರಡೂ ಲ್ಯಾಪ್‌ಟಾಪಿನಲ್ಲಿ ಕೋಟೆಯ ಆಟ ಇತ್ತು. ಸುಮನಾ ಬೂದಿಯ ಮುಂದೆ ಕುಳಿತಳು, ರಕ್ಷಾ ಕಪ್ಪಿನ ಮುಂದೆ. ಇಬ್ಬರೂ ಒಂದೇ ಕೋಟೆಯೊಳಗೆ ಸೇರಿದರು. ಮೊದಲು ಸುಮನಾ ಸುತ್ತ ನಿಂತವರನ್ನೇ ನೋಡುತ್ತಿದ್ದಳು. ಆಮೇಲೆ ಉತ್ತರದ ಗೋಡೆಗೆ ಏಣಿ ಬಿತ್ತು, ಅವರೆಲ್ಲ ಮರೆತುಹೋದರು.

"ರಕ್ಷಾ, ಎಡಗಡೆ! ಎಡಗಡೆ ನಾಲ್ಕು ಜನ!"

"ನೋಡ್ದೆ! ನೀವು ಮೇಲೆ ನೋಡ್ಕಳಿ!"

"ಬಗ್ಗು, ಬಗ್ಗು, ಬಗ್ಗೇ!"

ಕಪ್ಪು ಲ್ಯಾಪ್‌ಟಾಪ್ ಬಂಡಿ ಎಳೆವ ಹೋರಿಯಂತೆ ಭುಸುಗುಟ್ಟಿತು. ಬೂದಿಯದು ತನ್ನ ಪಾಡಿಗೆ ಮೆಲುಕು ಹಾಕುತ್ತ ಓಡಿತು. ಹಿರಿಯರಿಬ್ಬರೂ ಕುರ್ಚಿಯ ಬೆನ್ನು ಹಿಡಿದು ಬಗ್ಗಿದ್ದರು. ಯಾವ ಕಡೆಯವರು ಶತ್ರುಗಳು ಎಂಬುದು ಅವರಿಗೆ ತಿಳಿಯಲಿಲ್ಲ. ತಿಳಿಯಬೇಕೆಂದೂ ಅನಿಸಲಿಲ್ಲ.

"ತಿರುಗ್ಸು! ಬಾರುಕೋಲು ಬೀಸು!" ಎಂದು ದೊಡ್ಡಪ್ಪ ಟವೆಲ್ ತಿರುಗಿಸಿದರು.

"ಬಿಡ್ಬೇಡ ರಕ್ಷಾ, ಅವ್ನ ಕೋಡು ಹಿಡ್ಕ!" ಎಂದರು ಮುಕುಂದಯ್ಯ.

ರಸ್ತೆಯಲ್ಲಿ ಹೋಗುತ್ತಿದ್ದವರು ಬಾಗಿಲಲ್ಲಿ ಇಣುಕಿದರು. ಕೊನೆಯ ಏಣಿ ಮುರಿದು ಬಿದ್ದು ಕೋಟೆ ಉಳಿದಾಗ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದವಳು ಯಶಸ್ವಿನಿ.

"ಇನ್ನೊಂದು ಬಾಕಿ," ಎಂದರು ಮುಕುಂದಯ್ಯ ಏದುಸಿರು ಬಿಡುತ್ತ.

ಸುಮನಾ ಕನ್ನಡ ಹಾಕಿಕೊಂಡು ಕೀಲಿಗಳ ಮೇಲೆ ಬೆರಳಿಟ್ಟಳು. ಎಷ್ಟು ದಿನದಿಂದ ಕಟ್ಟಿಹಾಕಿದ್ದ ಮಾತೋ, ಹಗ್ಗ ಬಿಚ್ಚಿದ ಕರುಗಳಂತೆ ಓಡಿ ಬಂತು. ಮುಕುಂದಯ್ಯ ಕನ್ನಡಕ ಹಾಕಿಕೊಂಡು, ಪರದೆಯ ಮೇಲೆ ಅಕ್ಷರ ಮೂಡಿದ ಹಾಗೆ ಗಟ್ಟಿಯಾಗಿ ಓದಿದರು.

"'ಹೊರಗೆ ಮಳೆ ಇರಲಿಲ್ಲ. ಒಳಗೆ ಇಬ್ಬರು ಗುಡುಗುತ್ತಿದ್ದರು. ಒಬ್ಬಳು ಹುಡುಗಿ ಕಪ್ಪು ಹೋರಿಯನ್ನು ಮೆಚ್ಚಿದಳು, ಆದ್ದರಿಂದ ಬಯ್ದಳು. ಇನ್ನೊಬ್ಬಳು ಬೂದಿ ಹೋರಿಯನ್ನು ಮೆಚ್ಚಿದಳು, ಆದ್ದರಿಂದ ವೇಲ್ ಸರಿಪಡಿಸಿಕೊಂಡಳು. ಹಿರಿಯರು ಎರಡನ್ನೂ ನೋಡಲಿಲ್ಲ. ಅವರಿಗೆ ನಡುವೆ ಮಲಗಿದ್ದ ಬಿಳಿ ಹೋರಿಯೊಂದೇ ಕಾಣುತ್ತಿತ್ತು…'"

ಮುಕುಂದಯ್ಯ ಕನ್ನಡಕ ತೆಗೆದು ಮೊಮ್ಮಗಳನ್ನು ನೋಡಿದರು. "ಹಂಗಾರೆ ನಾನು ಅಂದ್ಕಂಡಿದ್ದೇ ಸರಿ. ನಿಂಗೆ ಕಪ್ಪೇ ಬೇಕಿತ್ತು, ಅಲ್ವೇನೇ?"

"ಹೌದು ಅಜ್ಜಯ್ಯ."

"ಬಾಯಿ ಬಿಟ್ಟು ಹೇಳೋಕೆ ಎಂತ ಆಗಿತ್ತು?"

"ಬಾಯಿ ಬಿಡ್ಬೇಡ ಅಂದೋರು ನೀವೇ ಅಲ್ವಾ?"

ಮುಕುಂದಯ್ಯ ಮಂಜುನಾಥಪ್ಪನವರನ್ನು ನೋಡಿದರು. ಮಂಜುನಾಥಪ್ಪ ಟವೆಲಿನಿಂದ ಮುಖ ಒರೆಸುವ ನೆಪದಲ್ಲಿ ನಕ್ಕರು. ಮುಕುಂದಯ್ಯನವರಿಗೂ ತಡೆಯಲಾಗಲಿಲ್ಲ. "ತಗೊಂಡು ಹೋಗ್ರೀ ನಿಮ್ಮ ಬೂದೀನ," ಎಂದು ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಯಶಸ್ವಿನಿ ಹೊಸನಗರಕ್ಕೆ ಫೋನ್ ಮಾಡಿ, ಬೂದಿ ಕಲರ್‌ದು ಹೋಯ್ತು, ಸಾರಿ, ಎಂದಳು.

ಉಳಿದದ್ದು ದರ. ಮಂಜುನಾಥಪ್ಪ ಟವೆಲನ್ನು ಯಶಸ್ವಿನಿಯ ಕೈಮೇಲೆ ಹೊದಿಸಿ, ಅಡಿಯಿಂದ ತಮ್ಮ ಕೈ ಕೊಟ್ಟು, ಗಂಭೀರವಾಗಿ ಎರಡು ಬೆರಳು ಮಡಚಿದರು. ಅವಳು ಅದನ್ನು ಹಿಡಿದು ಜೋರಾಗಿ ಕುಲುಕಿದಳು.

"ಥ್ಯಾಂಕ್ಯೂ ಅಂಕಲ್! ನಂದು ಇದೇ ಮೊದಲ್ನೇ ಸೇಲ್!"

ಮಂಜುನಾಥಪ್ಪನವರ ಬೆರಳು ಮಡಚಿದಂತೆಯೇ ನಿಂತಿತು. ಮೊದಲ ವ್ಯಾಪಾರ ಎಂದ ಮೇಲೆ ಎಳೆದಾಡುವುದು ಹೇಗೆ? "ಆಗ್ಲಿ ಬಿಡು," ಎಂದರು. ಆ ಸಂತೋಷಕ್ಕೆ ಅವಳು ಇಬ್ಬರು ಹುಡುಗಿಯರಿಗೂ ಒಂದೊಂದು ಬ್ಯಾಗು, ಒಂದೊಂದು ಮೌಸು ಹಾಗೆಯೇ ಕೊಟ್ಟಳು. ಹೊರಡುವಾಗ ರಕ್ಷಾ ಸುಮನಾ ನಂಬರ್ ಬರೆದುಕೊಂಡು, "ನಾಳೆ ಸಂಜೆ ಕೋಟೆಗೆ ಬನ್ನಿ, ದಳಪತಿಗಳೇ," ಎಂದಳು.

ವಾಪಸ್ ಬರುವ ಬಸ್ಸಿನಲ್ಲಿ ಸುಮನಾ ಮನೆ ಮುಟ್ಟುವವರೆಗೆ ಕಾಯಲಿಲ್ಲ. ಬೂದಿಯನ್ನು ತೊಡೆಯ ಮೇಲಿಟ್ಟು ತೆರೆದಳು. ತೆರೆದು, ಏನು ಬರೆಯುವುದೆಂದು ತೋಚದೆ, ಸುಮ್ಮನೆ ನಗುತ್ತ ಅದನ್ನೇ ನೋಡುತ್ತ ಕುಳಿತಳು. ಬಸ್ಸು ಕೆರೆಯ ಏರಿಯ ಮೇಲೆ ತಿರುಗಿತು. ಕಿಟಕಿಯ ತುಂಬ ನೀರು ಹೊಳೆಯಿತು. ಅದೇ ಹೊತ್ತಿಗೆ ಪರದೆ ಕಪ್ಪಾಯಿತು.

ಮಂಜುನಾಥಪ್ಪ ಸೀಟಿನಿಂದ ಅರ್ಧ ಎದ್ದರು. "ನೀರು ಕಂಡು ಮಲಗ್ತಲ್ಲೇ! ಹೋಯ್ ಡ್ರೈವರ್, ಬಸ್ ತಿರುಗ್ಸಪ್ಪ! ಆ ಮುಕುಂದಯ್ಯ ಮತ್ತೆ…"

ಸುಮನಾ ಒಂದು ಕೀಲಿ ಮುಟ್ಟಿದಳು. ಪರದೆ ಬೆಳಗಿತು.

ದೊಡ್ಡಪ್ಪ ಅದರ ಮೇಲೆ ಕಣ್ಣಿಟ್ಟೇ ಮೆಲ್ಲಗೆ ಕುಳಿತರು. "ಅಷ್ಟೇನಾ? ಮುಟ್ಟಿದ್ರೆ ಎದ್ದು ಬಿಡ್ತೈತಾ?"

"ಅಷ್ಟೇ."

"ಆ ಹೋರಿಗೂ ಹಿಂಗೊಂದು ಕೀಲಿ ಇದ್ದಿದ್ರೆ!"

ಸುಮನಾ ಬರೆಯತೊಡಗಿದಳು. ಅವಳು ಬರೆದದ್ದನ್ನು ಇದುವರೆಗೆ ಯಾರೂ ಅವಳ ಬಾಯಿಂದ ಕೇಳಿರಲಿಲ್ಲ. ಈಗ ಬಸ್ಸಿನ ಸದ್ದನ್ನೂ ಮೀರಿ, ಮುಂದಿನ ಸೀಟಿನವರೂ ತಿರುಗಿ ನೋಡುವಂತೆ, ಓದಿ ಹೇಳಿದಳು. "'ತಾಳಗುಪ್ಪದ ಹತ್ತಿರ ಒಂದು ಬಿಳಿ ಹೋರಿ ಇತ್ತು. ಅದು ನೀರು ಕಂಡಲ್ಲಿ ಮಲಗುತ್ತಿತ್ತು. ಒಂದು ದಿನ ಜೋರು ಮಳೆ ಬಂತು.'"

"ಎಡಗೋಡು ಒಂಚೂರು ಬಾಗಿತ್ತು," ಎಂದರು ಮಂಜುನಾಥಪ್ಪ ಪರದೆಯ ಹತ್ತಿರ ಸರಿದು. "ಅದ್ನೂ ಹಾಕು. ಆದ್ರೆ ಹೊಗಳಿ ಬರಿ, ಮಗಾ. ಮಲಗಿದಾಗ ನೋಡೋಕೆ ಚಂದ ಇತ್ತು ಅದು."